ಬೇನಾಮಿ ವಿಮಾನಗಳು

ನಮ್ಮ ಪಕ್ಕದ ಮನೆಯ ಹುಡುಗನಿಗೆ ವಿಮಾನದ ಹುಚ್ಚು. ಸಂಜೆ ತಾರಸಿಗೆ ಬಂದರೆ ಕೈಯಲ್ಲಿ ಮೊಬೈಲ್, ಕಣ್ಣು ಆಕಾಶದಲ್ಲಿ. 'ಅಂಕಲ್, ಇದು ದೋಹಾದಿಂದ ಬರ್ತಿರೋದು, ಅದು ಮುಂಬೈಗೆ ಹೋಗ್ತಿರೋದು' ಅಂತ ಒಂದೊಂದನ್ನೂ ಹೆಸರಿಟ್ಟು ತೋರಿಸುತ್ತಾನೆ. ನಮ್ಮದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣದ ಆಸುಪಾಸು. ಮೊನ್ನೆ ಬೂದು ಬಣ್ಣದ್ದೊಂದು ವಿಮಾನ ನೆತ್ತಿಯ ಮೇಲೇ ಗುಡುಗುತ್ತಾ ಹೋಯಿತು. ಹುಡುಗ ಮೊಬೈಲ್ ನೋಡಿದ, ಮೇಲೆ ನೋಡಿದ, ಮತ್ತೆ ಮೊಬೈಲ್ ನೋಡಿದ. 'ಅಂಕಲ್, ಆಪ್‌ನಲ್ಲಿ ಇದು ಇಲ್ವೇ ಇಲ್ಲ!'

ಅದೇನೂ ದೊಡ್ಡ ರಹಸ್ಯವಲ್ಲ. ಮಿಲಿಟರಿ ವಿಮಾನಗಳು ತಾವಿರುವ ಜಾಗವನ್ನು ಊರಿಗೆಲ್ಲ ಸಾರಬೇಕಿಲ್ಲ. ಆದರೆ ಆ ಹುಡುಗನ ಗೊಂದಲ ನನ್ನ ತಲೆಯಲ್ಲೂ ಉಳಿಯಿತು. ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ವಸ್ತುವನ್ನು ಬಚ್ಚಿಡೋದು ಹೇಗೆ?

ಗೂಢಚಾರ ಒಬ್ಬನೇ ಇದ್ದರೆ ಸಂತೆಯಲ್ಲಿ ಕರಗಿಹೋಗಬಹುದು. ವಿಮಾನ ಹಾಗಲ್ಲ. ಅದಕ್ಕೆ ರನ್‌ವೇ ಬೇಕು, ಇಂಧನ ಬೇಕು, ಸ್ಪ್ಯಾನರ್ ಹಿಡಿದ ಮೆಕ್ಯಾನಿಕ್ ಬೇಕು, ಹವಾಮಾನದ ವರದಿ ಬೇಕು. ಇಷ್ಟೆಲ್ಲ ಜನ ನೋಡಿದ ಮೇಲೂ ಅದು ಗುಟ್ಟಾಗಿ ಉಳಿಯಬೇಕು ಅಂದರೆ ಇರುವುದು ಒಂದೇ ದಾರಿ. ವಿಮಾನ ಎಲ್ಲರಿಗೂ ಕಾಣಲಿ, ಯಜಮಾನ ಮಾತ್ರ ಕಾಣಬಾರದು. ನಮ್ಮಲ್ಲಿ ಇದಕ್ಕೆ ಒಳ್ಳೆಯ ಪದ ಇದೆಯಲ್ಲ, ಬೇನಾಮಿ. ಸೈಟು ಭಾವಮೈದುನನ ಹೆಸರಲ್ಲಿ, ದುಡ್ಡು ಸಾಹೇಬರದ್ದು. ಗುಪ್ತಚರ ಸಂಸ್ಥೆಗಳ ವಿಮಾನಗಳೂ ಹೆಚ್ಚುಕಡಿಮೆ ಇದೇ ಥರ. ಹಾಗಾಗಿ ಈ ಚರಿತ್ರೆಯಲ್ಲಿ ರೆಕ್ಕೆ, ಎಂಜಿನ್‌ಗಿಂತ ಜಾಸ್ತಿ ಸಿಗುವುದು ಕಾಗದ. ಸುಳ್ಳು ಕಂಪನಿ, ಸುಳ್ಳು ನೋಂದಣಿ, ಸುಳ್ಳು ಪಾಸ್‌ಪೋರ್ಟು. ಗುಟ್ಟು ಒಡೆದದ್ದೂ ಬಹಳ ಸಲ ಕಾಗದದಿಂದಲೇ.

ಇದರ ಒಂದು ಎಳೆ ನಮ್ಮ ಬೆಂಗಳೂರಿಗೇ ತಾಗಿಕೊಂಡಿದೆ. 1940ರ ಡಿಸೆಂಬರ್‌ನಲ್ಲಿ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುವಾಯಿತು. ಇವತ್ತಿನ ಎಚ್‌ಎಎಲ್‌ನ ಮೂಲ ಅದು. ವಾಲ್‌ಚಂದ್ ಹೀರಾಚಂದ್ ಅವರ ಉತ್ಸಾಹ, ಮೈಸೂರು ಸಂಸ್ಥಾನದ ಜಾಗ ಮತ್ತು 25 ಲಕ್ಷ ರೂಪಾಯಿ, ಇಷ್ಟು ನಮಗೆ ಗೊತ್ತಿರುವ ಕಥೆ. ತಂತ್ರಜ್ಞಾನ ತಂದವನು ವಿಲಿಯಂ ಪಾಲಿ ಎಂಬ ಅಮೆರಿಕನ್ ವ್ಯಾಪಾರಿ. ಅವನಿಗೆ ಚೀನಾದಲ್ಲೂ ವಿಮಾನ ಜೋಡಿಸುವ ಕಾರ್ಖಾನೆ ಇತ್ತು. ಹೆಸರು ಸೆಂಟ್ರಲ್ ಏರ್‌ಕ್ರಾಫ್ಟ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ, ಚುಟುಕಾಗಿ ಕ್ಯಾಮ್ಕೊ.

ಬೆಂಗಳೂರಿನಲ್ಲಿ ಶೆಡ್ಡುಗಳು ಏಳುತ್ತಿದ್ದ ಅದೇ 1941ರಲ್ಲಿ ಕ್ಯಾಮ್ಕೊ ಇನ್ನೊಂದು ಕೆಲಸಕ್ಕೂ ಹೆಸರು ಕೊಟ್ಟಿತು. ಚೀನಾದ ಮೇಲೆ ಜಪಾನ್ ಬಾಂಬ್ ಸುರಿಯುತ್ತಿತ್ತು. ಅಮೆರಿಕಕ್ಕೆ ಚೀನಾಕ್ಕೆ ಸಹಾಯ ಮಾಡುವ ಮನಸ್ಸಿತ್ತು, ಆದರೆ ಅದು ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಆಗ ಸುಮಾರು ನೂರು ಪೈಲಟ್‌ಗಳು ಅಮೆರಿಕದ ಸೇನೆ, ನೌಕಾದಳಗಳಿಗೆ ರಾಜೀನಾಮೆ ಕೊಟ್ಟು ಕ್ಯಾಮ್ಕೊದ 'ನೌಕರ'ರಾದರು. ಕರಾರಿನಲ್ಲಿ ಇದ್ದದ್ದು ವಿಮಾನ ತಯಾರಿಕೆ, ರಿಪೇರಿ, ಹಾರಾಟ ಇಂಥ ಸಾಧು ಮಾತುಗಳು. ಪಾಸ್‌ಪೋರ್ಟುಗಳಲ್ಲಿ ಒಬ್ಬ ರೈತ, ಇನ್ನೊಬ್ಬ ಪಾದ್ರಿ. ಪೈಲಟ್‌ಗಳ ಸಂಬಳ ತಿಂಗಳಿಗೆ ಸುಮಾರು 600 ಡಾಲರ್. ಉರುಳಿಸಿದ ಒಂದೊಂದು ಜಪಾನಿ ವಿಮಾನಕ್ಕೆ 500 ಡಾಲರ್ ಇನಾಮು. ಹಡಗು ಹತ್ತಿ ಬಂದು ಬರ್ಮಾದ ಟೌಂಗೂ ಎಂಬಲ್ಲಿ ತರಬೇತಿ ಮಾಡಿದರು. ಮೂತಿಯ ಮೇಲೆ ಶಾರ್ಕ್ ಮೀನಿನ ಹಲ್ಲು ಬರೆದ ಪಿ-40 ವಿಮಾನಗಳ ಚಿತ್ರ ನೀವು ನೋಡಿರುತ್ತೀರಿ. ಅವೇ ಫ್ಲೈಯಿಂಗ್ ಟೈಗರ್ಸ್. ತಮಾಷೆ ನೋಡಿ, ಅವರು ಮೊದಲ ಗುಂಡು ಹಾರಿಸಿದ್ದು 1941ರ ಡಿಸೆಂಬರ್ 20ಕ್ಕೆ. ಅಷ್ಟರಲ್ಲಿ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ ಆಗಿ ಅಮೆರಿಕವೇ ಯುದ್ಧದಲ್ಲಿತ್ತು. ಅಷ್ಟು ಕಷ್ಟಪಟ್ಟು ಕಟ್ಟಿದ ಸುಳ್ಳಿಗೆ ಕೆಲಸವೇ ಉಳಿದಿರಲಿಲ್ಲ.

ಈ ಪಡೆಯ ಮುಖ್ಯಸ್ಥ ಕ್ಲೇರ್ ಶೆನಾಲ್ಟ್. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. ಅದಕ್ಕೆ ಮುಂಚೆ ಯುರೋಪಿಗೆ ಒಂದು ಸುತ್ತು ಹೋಗಿ ಬರಬೇಕು. ಅಲ್ಲಿ ನಡೆದದ್ದು ಬೇರೆಯೇ ಜಾತಿಯ ಗುಟ್ಟು.

ಜರ್ಮನಿ ಫ್ರಾನ್ಸನ್ನು ಹಿಡಿದ ಮೇಲೆ ಬ್ರಿಟನ್ ಅಲ್ಲಿಗೆ ಗೂಢಚಾರರನ್ನು ಇಳಿಸಬೇಕಿತ್ತು. ಅದಕ್ಕೆಂದೇ ಎರಡು ವಿಶೇಷ ಸ್ಕ್ವಾಡ್ರನ್‌ಗಳಿದ್ದವು, 138 ಮತ್ತು 161. ಮೂಲ ನೆಲೆ ಬೆಡ್‌ಫರ್ಡ್‌ಶೈರಿನ ಟೆಂಪ್ಸ್‌ಫರ್ಡ್. ಸಣ್ಣ ವಿಮಾನಗಳು ಮಾತ್ರ ದಕ್ಷಿಣ ಕರಾವಳಿಯ ಟ್ಯಾಂಗ್‌ಮಿಯರ್‌ನಿಂದ ಹಾರುತ್ತಿದ್ದವು. ಆ ಸಣ್ಣ ವಿಮಾನದ ಹೆಸರು ಲೈಸಾಂಡರ್. ಯುದ್ಧಕ್ಕೆ ಬಾರದ ನಿಧಾನದ ಯಂತ್ರ. ಆದರೆ ನಮ್ಮೂರ ಶಾಲೆ ಮೈದಾನದಂಥ ಜಾಗದಲ್ಲೂ ಇಳಿದು ಏಳುತ್ತಿತ್ತು. ಅದಕ್ಕೆ ಕಪ್ಪು ಬಣ್ಣ ಬಳಿದು, ಹೊಟ್ಟೆಯಡಿ ಹೆಚ್ಚುವರಿ ಟ್ಯಾಂಕ್ ಕಟ್ಟಿ, ಹಿಂದಿನ ಸೀಟಿನ ಪಕ್ಕಕ್ಕೆ ಒಂದು ಏಣಿಯನ್ನೇ ಬಿಗಿದುಬಿಟ್ಟರು. ಹತ್ತಲು, ಇಳಿಯಲು ಹೊತ್ತು ಕಳೆಯಬಾರದು ಅಂತ.

ಹಾರಾಟ ಬೆಳದಿಂಗಳಲ್ಲಿ ಮಾತ್ರ. ಹುಣ್ಣಿಮೆಯ ಆಚೀಚೆ ಒಂದೊಂದು ವಾರ, ಅಷ್ಟೇ. ಪೈಲಟ್ ಒಬ್ಬನೇ. ತೊಡೆಯ ಮೇಲೆ ನಕ್ಷೆ, ಕೆಳಗೆ ಬೆಳದಿಂಗಳಿಗೆ ಮಿನುಗುವ ನದಿ. ಆ ನದಿಯೇ ದಾರಿ. ಸಂಜೆ ಬಿಬಿಸಿಯ ಫ್ರೆಂಚ್ ಪ್ರಸಾರದಲ್ಲಿ ತಲೆಬುಡವಿಲ್ಲದ ಒಂದು ವಾಕ್ಯ ಬರುತ್ತಿತ್ತು. ಕೇಳಬೇಕಾದವರು ಕೇಳಿಸಿಕೊಂಡು ಮೂರು ಟಾರ್ಚು ಹಿಡಿದು ಹೊಲಕ್ಕೆ ಹೋಗುತ್ತಿದ್ದರು. ಇಂಗ್ಲಿಷಿನ ಎಲ್ ಅಕ್ಷರದ ಆಕಾರಕ್ಕೆ ಟಾರ್ಚು ನೆಟ್ಟರೆ ಅದೇ ರನ್‌ವೇ. ವಿಮಾನ ಇಳಿದು, ತಿರುಗಿ, ಮತ್ತೆ ಏಳುವುದು ಕೆಲವೇ ನಿಮಿಷದ ಕೆಲಸ. ಹೊರಡುವ ಮುಂಚೆ ಪ್ರಯಾಣಿಕರ ಜೇಬು ತಡಕುತ್ತಿದ್ದರು. ಲಂಡನ್ನಿನ ಒಂದು ಬಸ್ ಟಿಕೆಟ್ ಉಳಿದಿದ್ದರೂ ಸಾಕು, ಪ್ಯಾರಿಸ್‌ನಲ್ಲಿ ಪ್ರಾಣ ಹೋಗಬಹುದು.

1943ರ ಜೂನ್ 16ರ ರಾತ್ರಿ ಹೀಗೆ ಇಳಿದವರಲ್ಲಿ ನೂರ್ ಇನಾಯತ್ ಖಾನ್ ಒಬ್ಬಳು. ತಂದೆ ಬರೋಡಾದಲ್ಲಿ ಹುಟ್ಟಿದ ಸೂಫಿ, ಸಂಗೀತಗಾರ ಹಜ್ರತ್ ಇನಾಯತ್ ಖಾನ್. ಆ ಕಡೆಯಿಂದ ನೂರ್ ನಮ್ಮ ಟಿಪ್ಪು ಸುಲ್ತಾನನ ವಂಶಕ್ಕೆ ಸೇರಿದವಳು. ಶ್ರೀರಂಗಪಟ್ಟಣದಲ್ಲಿ ಬ್ರಿಟಿಷರ ಕೈಯಲ್ಲಿ ಸತ್ತವನ ಕುಡಿ ಬ್ರಿಟಿಷರ ಪರವಾಗಿ ಫ್ರಾನ್ಸಿನ ಹೊಲವೊಂದರಲ್ಲಿ ಇಳಿದಳು. ಆಕ್ರಮಿತ ಫ್ರಾನ್ಸಿಗೆ ಹೋದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ಅವಳೇ. ಅಕ್ಟೋಬರ್‌ನಲ್ಲಿ ಯಾರೋ ಹಿಡಿದುಕೊಟ್ಟರು. 1944ರ ಸೆಪ್ಟೆಂಬರ್‌ನಲ್ಲಿ ದಾಖಾವ್ ಶಿಬಿರದಲ್ಲಿ ಗುಂಡಿಟ್ಟು ಕೊಂದರು. ಬ್ರಿಟನ್ನಿನ ಶೌರ್ಯ ಪದಕ ಜಾರ್ಜ್ ಕ್ರಾಸ್ ಬಂದದ್ದು 1949ರಲ್ಲಿ, ಸತ್ತ ಮೇಲೆ.

ಆ ರಾತ್ರಿ ಹೊಲದಲ್ಲಿ ಟಾರ್ಚು ಹಿಡಿಸಿ ಅವಳನ್ನು ಬರಮಾಡಿಕೊಂಡವನು ಆನ್ರಿ ದೆರಿಕೂರ್. ಇಂಥ ಇಳಿದಾಣಗಳ ಉಸ್ತುವಾರಿ ಅವನದ್ದೇ. ಅವನಿಗೆ ಜರ್ಮನ್ ಗುಪ್ತಚರರ ಸಂಪರ್ಕವೂ ಇತ್ತು ಅನ್ನುವುದು ಆಮೇಲೆ ಹೊರಬಂತು. 1948ರಲ್ಲಿ ವಿಚಾರಣೆ ನಡೆದು ಖುಲಾಸೆಯಾದ. ಲೈಸಾಂಡರ್‌ನ ಕಪ್ಪು ಬಣ್ಣ, ಹುಣ್ಣಿಮೆ, ಏಣಿ ಎಲ್ಲ ತಮ್ಮ ಕೆಲಸ ಸರಿಯಾಗಿ ಮಾಡಿದ್ದವು. ಬಿರುಕು ಇದ್ದದ್ದು ನೆಲದ ಮೇಲೆ.

ಒಂದು ವ್ಯತ್ಯಾಸ ಗಮನಿಸಿ. ಬ್ರಿಟನ್‌ಗೆ ತಾನು ಯಾರು ಅನ್ನುವುದನ್ನು ಮುಚ್ಚಿಡುವ ಗರಜು ಇರಲಿಲ್ಲ. ಯುದ್ಧ ಘೋಷಣೆಯಾಗಿತ್ತು, ಸಿಕ್ಕಿಬಿದ್ದರೆ ಯಾರ ವಿಮಾನ ಅಂತ ಕೇಳುವವರೇ ಇಲ್ಲ. ಅಲ್ಲಿ ಮುಚ್ಚಿಡಬೇಕಾದದ್ದು ವಿಮಾನವನ್ನು, ಅದೂ ಒಂದು ರಾತ್ರಿಯ ಮಟ್ಟಿಗೆ. ಫ್ಲೈಯಿಂಗ್ ಟೈಗರ್ಸ್‌ನದ್ದು ತಿರುಗಾಮುರುಗಾ. ಘೋಷಿಸದ ಯುದ್ಧ, ಹಗಲಲ್ಲೇ ಕಾಣುವ ವಿಮಾನ, ಮುಚ್ಚಿಟ್ಟದ್ದು ಯಜಮಾನನನ್ನು. 1945ರ ನಂತರ ದೊಡ್ಡ ದೇಶಗಳು ಒಬ್ಬರ ಮೇಲೊಬ್ಬರು ಯುದ್ಧ ಘೋಷಿಸುವುದನ್ನೇ ಬಿಟ್ಟವು. ಯುದ್ಧ ಮಾಡುವುದನ್ನು ಬಿಡಲಿಲ್ಲ. ಹಾಗಾಗಿ ಬೇನಾಮಿ ದಾರಿಯೇ ಹೆದ್ದಾರಿಯಾಯಿತು.

ಕಾನೂನೂ ಅದೇ ಕಡೆಗೆ ನೂಕಿತು. 1944ರ ಷಿಕಾಗೊ ಒಪ್ಪಂದ ವಿಮಾನಗಳನ್ನು ಎರಡು ಪಂಗಡ ಮಾಡಿತು. ಸೇನೆ, ಪೊಲೀಸ್, ಕಸ್ಟಮ್ಸ್ ಕೆಲಸದವು ಸರ್ಕಾರಿ ವಿಮಾನ. ಮಿಕ್ಕವು ನಾಗರಿಕ ವಿಮಾನ. ಸರ್ಕಾರಿ ವಿಮಾನ ಅನುಮತಿ ಇಲ್ಲದೆ ಇನ್ನೊಂದು ದೇಶದ ಮೇಲೆ ಹಾರುವಂತಿಲ್ಲ. ನಾಗರಿಕ ವಿಮಾನಕ್ಕೆ ಬಾಗಿಲು ಅಷ್ಟು ಬಿಗಿಯಿಲ್ಲ. ಬಾಲದ ಮೇಲೆ ನೋಂದಣಿ ನಂಬರ್ ಇದ್ದು, ಆ ನಂಬರ್ ಒಂದು ಕಂಪನಿಯ ಹೆಸರಲ್ಲಿದ್ದರೆ ಅರ್ಧ ಜಗತ್ತು ಸುತ್ತಬಹುದು. ನಮ್ಮ ವಿಮಾನಗಳ ಮೇಲೆ ವಿಟಿ ಅಂತ ಇರುತ್ತದಲ್ಲ, ಕಾರಿನ ಕೆಎ-01 ಇದ್ದ ಹಾಗೆ, ಅಂಥದ್ದು. ಇಂಥ ಲಾಭ ಎದುರಿಗಿರುವಾಗ ಗುಪ್ತಚರ ಸಂಸ್ಥೆ ತನ್ನ ವಿಮಾನಕ್ಕೆ ಅಂಗಿ ಬದಲಿಸದೆ ಇರುತ್ತದಾ?

ಈಗ ಶೆನಾಲ್ಟ್‌ಗೆ ವಾಪಸ್ ಬರೋಣ. ಯುದ್ಧ ಮುಗಿದ ಮೇಲೆ 1946ರಲ್ಲಿ ಅವನು ವೈಟಿಂಗ್ ವಿಲಾವರ್ ಎಂಬುವನ ಜೊತೆ ಸೇರಿ ಚೀನಾದಲ್ಲಿ ಒಂದು ವಿಮಾನ ಕಂಪನಿ ತೆರೆದ. ಅದು ಮುಂದೆ ಸಿವಿಲ್ ಏರ್ ಟ್ರಾನ್ಸ್‌ಪೋರ್ಟ್ ಅನ್ನಿಸಿಕೊಂಡಿತು, ಚುಟುಕಾಗಿ ಕ್ಯಾಟ್. ಕಮ್ಯುನಿಸ್ಟರು ಗೆದ್ದ ಮೇಲೆ ಕಂಪನಿ ತೈವಾನ್ ಸೇರಿತು, ಸಾಲ ಏರಿತು. 1950ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಸದ್ದಿಲ್ಲದೆ ಅದನ್ನು ಕೊಂಡುಕೊಂಡಿತು. 1959ರಲ್ಲಿ ಅದರ ಗುಪ್ತ ಕೆಲಸದ ಭಾಗಕ್ಕೆ ಏರ್ ಅಮೆರಿಕ ಅಂತ ಹೆಸರಾಯಿತು.

ಇದರ ಜಾಣತನ ಏನು ಗೊತ್ತಾ? ಇದು ಬರೀ ಬೋರ್ಡಿನ ಕಂಪನಿಯಲ್ಲ, ನಿಜವಾಗಿ ನಡೆಯುತ್ತಿದ್ದ ಕಂಪನಿ. ತೈವಾನ್‌ನಲ್ಲಿ ಟಿಕೆಟ್ ಮಾರಿ ಪ್ರಯಾಣಿಕರನ್ನು ಒಯ್ಯುತ್ತಿತ್ತು. ತೈನಾನ್‌ನಲ್ಲಿದ್ದ ಅದರ ರಿಪೇರಿ ಕಾರ್ಖಾನೆ ಏಷ್ಯಾದ ದೊಡ್ಡವುಗಳಲ್ಲಿ ಒಂದು. ಒಂದೇ ಹ್ಯಾಂಗರಿನಲ್ಲಿ ಬೆಳಿಗ್ಗೆ ಪ್ರಯಾಣಿಕರ ವಿಮಾನ, ಸಂಜೆ ಇನ್ನೆಲ್ಲಿಗೋ ಹೋಗುವ ವಿಮಾನ. ನೌಕರರಲ್ಲೇ ಎಷ್ಟೋ ಮಂದಿಗೆ ಯಜಮಾನ ಯಾರೆಂದು ಗೊತ್ತಿರಲಿಲ್ಲ. ಗೊತ್ತಿದ್ದ ಪೈಲಟ್‌ಗಳು ಸಿಐಎಗೆ ಇಟ್ಟ ಹೆಸರು 'ಕಸ್ಟಮರ್'. ಗಿರಾಕಿ ಹೇಳಿದ ಕಡೆ ಗಾಡಿ ಹೋಗಬೇಕು, ಯಾಕೆ ಅಂತ ಕೇಳಬಾರದು.

ಗಿರಾಕಿ ಜಾಸ್ತಿ ಕಳಿಸಿದ್ದು ಲಾವೋಸ್‌ಗೆ. 1962ರ ಜಿನೀವಾ ಒಪ್ಪಂದದ ಪ್ರಕಾರ ಅದು ತಟಸ್ಥ ದೇಶ, ಹೊರಗಿನ ಸೈನ್ಯ ಇರುವಂತಿಲ್ಲ. ಉತ್ತರ ವಿಯೆಟ್ನಾಂ ತನ್ನ ಸೈನಿಕರನ್ನು ಅಲ್ಲೇ ಬಿಟ್ಟಿತು. ಅಮೆರಿಕ ತನ್ನವರನ್ನು ವಾಪಸ್ ಕರೆಸಿಕೊಂಡು ವಿಮಾನ ಕಂಪನಿಯನ್ನು ಕಳಿಸಿತು. ಲಾಂಗ್ ಚೆಂಗ್ ಎಂಬ ಕಣಿವೆ ನಕ್ಷೆಗಳಲ್ಲಿ ಸಿಗುತ್ತಿರಲಿಲ್ಲ. ಅಲ್ಲಿ ಅಮೆರಿಕದ ಪರ ಹೋರಾಡುತ್ತಿದ್ದ ಜನರಲ್ ವಾಂಗ್ ಪಾವ್‌ನ ಹ್ಮೋಂಗ್ ಬುಡಕಟ್ಟಿನ ಸೈನ್ಯದ ನೆಲೆ. ರನ್‌ವೇಯ ಒಂದು ತುದಿಯಲ್ಲಿ ಸುಣ್ಣಕಲ್ಲಿನ ಬಂಡೆಗಳು ಗೋಡೆಯ ಹಾಗೆ ನಿಂತಿದ್ದವು. ತಪ್ಪು ಮಾಡಿದರೆ ಇನ್ನೊಂದು ಸುತ್ತು ಹಾಕುವ ಅವಕಾಶವೇ ಇಲ್ಲ. ಗುಡ್ಡಗಾಡಿನ ನೂರಾರು ಪುಟ್ಟ ಪಟ್ಟಿಗಳಲ್ಲಿ ಹೀಲಿಯೊ ಕೂರಿಯರ್, ಪಿಲಾಟಸ್ ಪೋರ್ಟರ್‌ನಂಥ ಸಣ್ಣ ವಿಮಾನಗಳು ಇಳಿಯುತ್ತಿದ್ದವು. ಹೊಲ ಬಿಟ್ಟು ಯುದ್ಧಕ್ಕೆ ಹೋದ ಜನರಿಗೆ ಆಕಾಶದಿಂದ ಅಕ್ಕಿ ಮೂಟೆ ಬೀಳುತ್ತಿತ್ತು. ಪೈಲಟ್‌ಗಳ ಭಾಷೆಯಲ್ಲಿ ಅಕ್ಕಿ ಎರಡು ಥರ. ಅಕ್ಕಿ ಅಂದರೆ ಅಕ್ಕಿ. 'ಗಟ್ಟಿ ಅಕ್ಕಿ' ಅಂದರೆ ಮದ್ದುಗುಂಡು.

ಆ ಯುದ್ಧದ ಒಂದು ದೃಶ್ಯ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. 1968ರ ಜನವರಿ 12. ಫು ಪಾ ಥಿ ಎಂಬ ಬೆಟ್ಟದ ತುದಿಯಲ್ಲಿ ಅಮೆರಿಕದ ಗುಪ್ತ ರಾಡಾರ್ ಇತ್ತು. ಅದರ ಮೇಲೆ ಬಾಂಬ್ ಹಾಕಲು ಉತ್ತರ ವಿಯೆಟ್ನಾಂನ ಎಎನ್-2 ವಿಮಾನಗಳು ಬಂದವು. ಎರಡಂತಸ್ತಿನ ರೆಕ್ಕೆಯ, ಅಜ್ಜನ ಕಾಲದಂಥ ವಿಮಾನಗಳು. ಹತ್ತಿರದಲ್ಲಿದ್ದ ಏರ್ ಅಮೆರಿಕದ ಹೆಲಿಕಾಪ್ಟರ್ ಬೆನ್ನಟ್ಟಿತು. ಜೊತೆಗಿದ್ದ ಸಿಬ್ಬಂದಿ ಬಾಗಿಲಲ್ಲಿ ಕೂತು ಎಕೆ-47ನಿಂದ ಗುಂಡು ಹಾರಿಸಿ ಒಂದು ವಿಮಾನವನ್ನು ಉರುಳಿಸಿದ. ಕಾಗದದ ಪ್ರಕಾರ ಅದು ಒಂದು ಖಾಸಗಿ ಸಾರಿಗೆ ಕಂಪನಿಯ ಹೆಲಿಕಾಪ್ಟರು.

ಕಾಗದ ಕೈಕೊಟ್ಟ ಪ್ರಸಂಗಗಳೂ ಈ ಕಾಲದವೇ. 1958ರ ಮೇ 18ರಂದು ಇಂಡೋನೇಷ್ಯಾದ ಆಂಬೋನ್‌ನಲ್ಲಿ ಬಂಡುಕೋರರ ಪರ ಬಾಂಬ್ ಹಾಕುತ್ತಿದ್ದ ಬಿ-26 ನೆಲಕ್ಕುರುಳಿತು. ಪೈಲಟ್ ಅಲೆನ್ ಪೋಪ್ ಕ್ಯಾಟ್ ಕಂಪನಿಯವನು. ಅಂಥ ಕೆಲಸಕ್ಕೆ ಹೋಗುವಾಗ ಗುರುತಿನ ಕಾಗದ ಒಯ್ಯಬಾರದು ಅನ್ನುವುದು ನಿಯಮ. ಅವನ ಬಳಿ ಅಮೆರಿಕದ ಕೈವಾಡ ತೋರಿಸುವ ಕಾಗದಗಳೆಲ್ಲ ಇದ್ದವು. ಕೆಲವೇ ದಿನದಲ್ಲಿ ಆ ಕಾರ್ಯಾಚರಣೆ ಗಂಟುಮೂಟೆ ಕಟ್ಟಿತು. ಪೋಪ್‌ಗೆ ಮರಣದಂಡನೆ ಆಗಿ, 1962ರಲ್ಲಿ ಬಿಡುಗಡೆ ಸಿಕ್ಕಿತು. ನನಗನ್ನಿಸುವುದು, ಅವನು ಮರೆತು ಒಯ್ದದ್ದಲ್ಲ. ಕಾಗದ ಇಲ್ಲದವನನ್ನು ಸುಮ್ನೆ ಗುಂಡಿಟ್ಟು ಹೂಳಬಹುದು. ಕಾಗದ ಇದ್ದವನು ಒಂದು ದೇಶದ ಪ್ರಜೆ.

1961ರ ಏಪ್ರಿಲ್ 15ರ ಪ್ರಸಂಗ ಇನ್ನೂ ಚೆನ್ನಾಗಿದೆ. ಕ್ಯೂಬಾದ ವಾಯುಪಡೆಯ ಬಣ್ಣ ಬಳಿದ ಬಿ-26 ಒಂದು ಮಯಾಮಿಯಲ್ಲಿ ಇಳಿಯಿತು. ಪೈಲಟ್ ತಾನು ಕ್ಯಾಸ್ಟ್ರೋನನ್ನು ಬಿಟ್ಟು ಓಡಿಬಂದವನು ಅಂದ. ಅಮೆರಿಕದ ರಾಯಭಾರಿ ಅಡ್ಲೈ ಸ್ಟೀವನ್ಸನ್ ಅದರ ಚಿತ್ರವನ್ನು ವಿಶ್ವಸಂಸ್ಥೆಯಲ್ಲಿ ಎತ್ತಿ ಹಿಡಿದರು. ಆದರೆ ಪತ್ರಕರ್ತರು ಹತ್ತಿರ ಹೋಗಿ ನೋಡಿದರು. ಕ್ಯೂಬಾದ ಬಿ-26ಗಳ ಮೂತಿ ಪಾರದರ್ಶಕ ಪ್ಲಾಸ್ಟಿಕ್‌ನದ್ದು, ಇದರದ್ದು ಗಟ್ಟಿ ಲೋಹದ್ದು. ಬಂದೂಕಿನ ಬಾಯಿಗೆ ಸುತ್ತಿದ ಟೇಪು ಹಾಗೇ ಇತ್ತು, ಒಂದು ಗುಂಡೂ ಹಾರಿರಲಿಲ್ಲ. ಕ್ಯಾಸ್ಟ್ರೋನನ್ನು ಉರುಳಿಸಲು ಸಿಐಎ ಹೂಡಿದ್ದ ಬೇ ಆಫ್ ಪಿಗ್ಸ್ ದಾಳಿ ಶುರುವಾಗುವ ಮೊದಲೇ ಅದರ ಮುಸುಕು ಜಾರಿತ್ತು.

ಯು-2 ಕಥೆ ನಿಮಗೆ ಗೊತ್ತೇ ಇರುತ್ತದೆ, ಬೇಗ ಹೇಳಿ ಮುಗಿಸುತ್ತೇನೆ. 70 ಸಾವಿರ ಅಡಿ ಎತ್ತರದಲ್ಲಿ ಹಾರುವ ಸಿಐಎ ಬೇಹು ವಿಮಾನ. ಅದರ ಪೈಲಟ್‌ಗಳನ್ನು ವಾಯುಪಡೆಯಿಂದ ಬಿಡಿಸಿ ಕಾಗದದ ಮೇಲೆ ನಾಗರಿಕರನ್ನಾಗಿ ಮಾಡುತ್ತಿದ್ದರು. ಆ ವಲಯದಲ್ಲಿ ಇದಕ್ಕೆ ಶೀಪ್ ಡಿಪ್ಪಿಂಗ್ ಅನ್ನುತ್ತಾರೆ, ಉಣ್ಣೆ ಹೋಗದೆ ಹುಳ ಸಾಯಲಿ ಅಂತ ಕುರಿಯನ್ನು ಔಷಧಿ ನೀರಲ್ಲಿ ಅದ್ದಿ ತೆಗೆಯುವ ಹಾಗೆ. 1960ರ ಮೇ 1ರಂದು ಪೇಶಾವರದಿಂದ ಹೊರಟ ಗ್ಯಾರಿ ಪವರ್ಸ್‌ನ ವಿಮಾನ ಸೋವಿಯತ್ ನೆಲದ ಮೇಲೆ ಬಿತ್ತು. ಹವಾಮಾನ ಸಂಶೋಧನೆಯ ವಿಮಾನ ದಾರಿ ತಪ್ಪಿತು ಅಂತ ಅಮೆರಿಕ ಕಥೆ ಕಟ್ಟಿತು. ಒಂದು ಯು-2ಗೆ ನಾಸಾದ ಗುರುತು ಬಳಿದು ಪತ್ರಕರ್ತರಿಗೂ ತೋರಿಸಿತು. ಸೋವಿಯತ್ ನಾಯಕ ಕ್ರುಶ್ಚೇವ್ ಸುಳ್ಳು ಪೂರ್ತಿ ಹೊರಬರುವ ತನಕ ಕಾದು, ಪೈಲಟ್ ಬದುಕಿದ್ದಾನೆ ಎಂದರು.

ಅದೇ ಯು-2 ನಾಲ್ಕು ವರ್ಷದ ಮೇಲೆ ನಮ್ಮ ಒಡಿಶಾದಿಂದ ಹಾರಿತು. ಇದು ಅಷ್ಟಾಗಿ ಗೊತ್ತಿಲ್ಲದ ಕಥೆ. 1962ರ ಯುದ್ಧದಲ್ಲಿ ಚೀನಾ ಎಲ್ಲಿಯವರೆಗೆ ಬಂದಿದೆ ಅಂತ ನೋಡಲು ನಮ್ಮಲ್ಲಿ ಕಣ್ಣಿರಲಿಲ್ಲ. ನೆಹರೂ ಸರ್ಕಾರ ಗಡಿಯ ಮೇಲೆ ಯು-2 ಹಾರಾಟಕ್ಕೆ ಒಪ್ಪಿತು. ಮೊದಮೊದಲು ವಿಮಾನಗಳು ಥಾಯ್ಲೆಂಡಿನ ಟಾಕ್ಲಿಯಿಂದ ಬರುತ್ತಿದ್ದವು. ಆಮೇಲೆ ಕಟಕ್ ಹತ್ತಿರದ ಚಾರ್‌ಬಾಟಿಯಾದ ಹಳೇ ರನ್‌ವೇ ಸಿದ್ಧಮಾಡಿದರು. 1964ರ ಮೇ 24ರಂದು ಅಲ್ಲಿಂದ ಮೊದಲ ಹಾರಾಟ. ಮೂರೇ ದಿನಕ್ಕೆ ನೆಹರೂ ತೀರಿಹೋದರು, ಕೆಲಸ ನಿಂತಿತು. ಡಿಸೆಂಬರ್‌ನಲ್ಲಿ ಇನ್ನು ಕೆಲವು ಹಾರಾಟಗಳಾದವು. ಅಲಿಪ್ತ ನೀತಿಯ ದೇಶದಲ್ಲಿ ಸಿಐಎ ವಿಮಾನ! ಸಿಐಎ ತನ್ನ ಕಡತ ಬಿಚ್ಚಿ ಇದನ್ನು ಅಧಿಕೃತವಾಗಿ ಹೇಳಿದ್ದು 2013ರಲ್ಲಿ.

ಚಾರ್‌ಬಾಟಿಯಾ ನಮ್ಮದೇ ಗುಪ್ತ ವಿಮಾನದಳದ ತೊಟ್ಟಿಲೂ ಹೌದು. 1963ರಲ್ಲಿ ಏವಿಯೇಷನ್ ರಿಸರ್ಚ್ ಸೆಂಟರ್ ಹುಟ್ಟಿತು, ಎಆರ್‌ಸಿ. 'ಸಂಶೋಧನಾ ಕೇಂದ್ರ' ಎಂಬ ಹೆಸರೇ ಎಷ್ಟು ಸಾಧುವಾಗಿದೆ ನೋಡಿ, ಒಳಗೆ ಯಾರೋ ಪಿಎಚ್‌ಡಿ ಮಾಡುತ್ತಿದ್ದಾರೆ ಅನ್ನಿಸಬೇಕು. ಮೊದಲ ಮುಖ್ಯಸ್ಥರು ಆರ್. ಎನ್. ಕಾವ್, ಮುಂದೆ ನಮ್ಮ ವಿದೇಶಿ ಗುಪ್ತಚರ ಸಂಸ್ಥೆ 'ರಾ' ಕಟ್ಟಿದವರು. ಸಿಐಎ ಸಿ-46 ಮತ್ತು ಲಾವೋಸ್‌ನಲ್ಲಿ ಹಾರುತ್ತಿದ್ದಂಥವೇ ಹೀಲಿಯೊ ಕೂರಿಯರ್ ವಿಮಾನಗಳನ್ನು ಕೊಟ್ಟಿತು. ಟಿಬೆಟನ್ನರ ವಿಶೇಷ ಗಡಿ ಪಡೆಗೆ ಪ್ಯಾರಾಚೂಟ್ ತರಬೇತಿ ಕೊಟ್ಟದ್ದು ಇವೇ. ಇದರ ಹಿಂದೆ ಓಡಾಡಿದವರು ಒಡಿಶಾದ ಬಿಜು ಪಟ್ನಾಯಕ್. ಅವರೇ ಒಂದು ಕಾಲದ ಗುಪ್ತ ಪೈಲಟ್. 1947ರ ಜುಲೈಯಲ್ಲಿ ಡಚ್ಚರ ದಿಗ್ಬಂಧನದ ಕಣ್ಣು ತಪ್ಪಿಸಿ ಡಕೋಟಾದಲ್ಲಿ ಇಂಡೋನೇಷ್ಯಾಕ್ಕೆ ಹಾರಿ, ನಾಯಕ ಸುತಾನ್ ಶಹರೀರ್ ಅವರನ್ನು ಕರೆತಂದವರು. ಜೊತೆಗೆ ಹೆಂಡತಿ ಗ್ಯಾನ್ ಕೂಡ ಇದ್ದರು. ಆ ದೇಶ ಅವರಿಗೆ ಭೂಮಿಪುತ್ರ ಎಂಬ ಗೌರವ ಕೊಟ್ಟಿತು. ವಿಮಾನ ಅವರದ್ದೇ ಖಾಸಗಿ ಕಂಪನಿ ಕಳಿಂಗ ಏರ್‌ಲೈನ್ಸ್‌ನ ಕಡೆಯದು, ಉದ್ದೇಶ ನೆಹರೂ ಅವರದ್ದು.

ಏರ್ ಅಮೆರಿಕದ ಬಾಗಿಲು 1976ರಲ್ಲಿ ಮುಚ್ಚಿತು. ಹಿಂದಿನ ವರ್ಷ ಸೈಗಾನ್ ಬೀಳುವಾಗ ಕಟ್ಟಡದ ತುದಿಗೆ ಏಣಿ ಹಾಕಿ ಜನ ಹೆಲಿಕಾಪ್ಟರ್ ಹತ್ತುವ ಚಿತ್ರ ಇದೆಯಲ್ಲ, ಅದು ಅಮೆರಿಕದ ಸೈನ್ಯದ ಹೆಲಿಕಾಪ್ಟರ್ ಅಲ್ಲ, ಏರ್ ಅಮೆರಿಕದ್ದು. ಕಂಪನಿ ಮುಚ್ಚಿದರೂ ಪದ್ಧತಿ ಮುಚ್ಚಲಿಲ್ಲ. ಸ್ವಂತ ಕಂಪನಿ ಇಟ್ಟುಕೊಂಡರೆ ಸಿಕ್ಕಿಬೀಳುವ ಭಯ ಜಾಸ್ತಿ ಅಂತ ಬಾಡಿಗೆಗೆ ಇಳಿದರು. 1986ರ ಅಕ್ಟೋಬರ್ 5ರಂದು ನಿಕರಾಗುವಾದ ಮೇಲೆ ಬಂಡುಕೋರರಿಗೆ ಆಯುಧ ಒಯ್ಯುತ್ತಿದ್ದ ಸಿ-123 ಉರುಳಿತು. ಪ್ಯಾರಾಚೂಟ್ ಕಟ್ಟಿಕೊಂಡಿದ್ದ ಯೂಜೀನ್ ಹಾಸೆನ್‌ಫಸ್ ಒಬ್ಬನೇ ಬದುಕಿದ. ಅವನು ಮುಂಚೆ ಏರ್ ಅಮೆರಿಕದಲ್ಲಿದ್ದವನು. ಅವಶೇಷದಲ್ಲಿ ಸಿಕ್ಕಿದ ಲಾಗ್ ಪುಸ್ತಕ, ಗುರುತಿನ ಚೀಟಿಗಳು ಸದರ್ನ್ ಏರ್ ಟ್ರಾನ್ಸ್‌ಪೋರ್ಟ್ ಎಂಬ ಕಂಪನಿಯತ್ತ ಬೊಟ್ಟು ಮಾಡಿದವು. 1973ರವರೆಗೆ ಅದು ಸಿಐಎ ಸ್ವತ್ತು. ಇರಾನ್‌ಗೆ ಗುಟ್ಟಾಗಿ ಆಯುಧ ಮಾರಿ ಆ ದುಡ್ಡನ್ನು ಈ ಬಂಡುಕೋರರಿಗೆ ದಾಟಿಸಿದ ಇರಾನ್-ಕಾಂಟ್ರಾ ಹಗರಣ ಬಿಚ್ಚಿಕೊಳ್ಳಲು ಇದೂ ಒಂದು ಕಾರಣ.

2001ರ ಸೆಪ್ಟೆಂಬರ್ ದಾಳಿಯ ನಂತರ ಗಿರಾಕಿಯ ಸರಕು ಬದಲಾಯಿತು. ಈಗ ಒಯ್ಯಬೇಕಾದದ್ದು ಕೈಕಾಲು ಕಟ್ಟಿದ ಮನುಷ್ಯರನ್ನು. ಶಂಕಿತರನ್ನು ಒಂದು ದೇಶದಿಂದ ಎತ್ತಿ, ಹಿಂಸೆಗೆ ಅಡ್ಡಿಯಿಲ್ಲದ ಇನ್ನೊಂದು ದೇಶಕ್ಕೋ ರಹಸ್ಯ ಜೈಲಿಗೋ ಒಯ್ಯುವ ಕೆಲಸ. 2001ರ ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮಿನಿಂದ ಇಬ್ಬರು ಈಜಿಪ್ಟಿನವರನ್ನು ಎತ್ತಿಕೊಂಡುಹೋದ ಗಲ್ಫ್‌ಸ್ಟ್ರೀಮ್ ಜೆಟ್‌ನ ಬಾಲದ ಮೇಲಿದ್ದ ನಂಬರ್ ಎನ್379ಪಿ. ಸ್ವೀಡನ್ನಿನ ಟಿವಿ ವರದಿಗಾರರು 2004ರಲ್ಲಿ ಆ ನಂಬರಿನ ಬೆನ್ನು ಹತ್ತಿದರು. ಒಡೆಯ ಪ್ರೀಮಿಯರ್ ಎಕ್ಸಿಕ್ಯುಟಿವ್ ಟ್ರಾನ್ಸ್‌ಪೋರ್ಟ್ ಎಂಬ ಕಂಪನಿ. ಅದರ ಪದಾಧಿಕಾರಿಗಳನ್ನು ಹುಡುಕಿದರೆ ಮನೆ ಇಲ್ಲ, ಫೋನಿಲ್ಲ, ಬರೀ ಪೋಸ್ಟ್ ಬಾಕ್ಸ್.

ಇಲ್ಲಿ ಮೈದಾನಕ್ಕೆ ಇಳಿದವರು ನಮ್ಮ ಪಕ್ಕದ ಮನೆ ಹುಡುಗನಂಥವರು. ಯುರೋಪಿನ ನಿಲ್ದಾಣಗಳ ಬೇಲಿ ಪಕ್ಕ ಕ್ಯಾಮೆರಾ ಹಿಡಿದು ನಿಂತು, ಬಾಲದ ನಂಬರ್ ಬರೆದುಕೊಳ್ಳುವ ಹವ್ಯಾಸಿಗಳು. ಅವರಿಗೆ ರಾಜಕೀಯ ಬೇಕಿರಲಿಲ್ಲ, ಕಲೆಕ್ಷನ್ ಬೇಕಿತ್ತು, ಅಂಚೆಚೀಟಿ ಸೇರಿಸುವವರ ಹಾಗೆ. ಆದರೆ ಒಂದೊಂದು ಚಿತ್ರಕ್ಕೂ ತಾರೀಕು, ಜಾಗ ಇರುತ್ತದಲ್ಲ. ಆ ಚಿತ್ರಗಳನ್ನೂ ಹಾರಾಟದ ದಾಖಲೆಗಳನ್ನೂ ಜೋಡಿಸಿದಾಗ ನಕ್ಷೆ ಮೂಡಿತು. 2006ರಲ್ಲಿ ಯುರೋಪ್ ಕೌನ್ಸಿಲ್‌ಗಾಗಿ ಸ್ವಿಸ್ ಸಂಸದ ಡಿಕ್ ಮಾರ್ಟಿ ಕೊಟ್ಟ ವರದಿ ಇದನ್ನು ಜೇಡರ ಬಲೆ ಎಂದು ಕರೆಯಿತು. ಮಿಲಾನ್‌ನ ಬೀದಿಯಿಂದ ಅಬು ಒಮರ್ ಎಂಬ ಇಮಾಮನನ್ನು ಎತ್ತಿದ ಪ್ರಕರಣದಲ್ಲಿ ಇಟಲಿಯ ಕೋರ್ಟು 2009ರಲ್ಲಿ 23 ಅಮೆರಿಕನ್ನರಿಗೆ, ಅವರ ಗೈರುಹಾಜರಿಯಲ್ಲೇ, ಶಿಕ್ಷೆ ವಿಧಿಸಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನ್ಯೂಯಾರ್ಕ್ ರಾಜ್ಯದ ಒಂದು ಸಣ್ಣ ಕೌಂಟಿ ಕೋರ್ಟಿನ ಕೇಸು. ರಿಚ್‌ಮೋರ್ ಏವಿಯೇಷನ್ ಎಂಬ ಬಾಡಿಗೆ ವಿಮಾನದ ಕಂಪನಿಗೂ ಒಬ್ಬ ಮಧ್ಯವರ್ತಿಗೂ ಜಗಳ. ಏನು ಜಗಳ? ಬಾಡಿಗೆ ಬಾಕಿ. ಅಷ್ಟೇ! ಹಾರಾಟದ ಗಂಟೆಗಳ ಲೆಕ್ಕ, ಇಂಧನದ ಬಿಲ್ಲು, ಸಿಬ್ಬಂದಿಯ ಊಟ-ವಸತಿಯ ಚೀಟಿ, ಫೋನ್ ಕರೆಗಳ ಪಟ್ಟಿ ಎಲ್ಲ ಕೋರ್ಟಿನ ಮೇಜಿನ ಮೇಲೆ ಬಿದ್ದವು. ಅವೇ ಕೈದಿಗಳನ್ನು ಹೊತ್ತ ಹಾರಾಟಗಳ ಬಿಲ್ಲುಗಳಾಗಿದ್ದವು. 2011ರಲ್ಲಿ ಪತ್ರಿಕೆಗಳು ಇದನ್ನು ಹೊರಗೆಳೆದವು. ಇದಕ್ಕೂ ಮುಂಚೆ ಹಾರಾಟ ಯೋಜನೆ ಮಾಡಿಕೊಡುತ್ತಿದ್ದ ಜೆಪ್ಪೆಸೆನ್ ಎಂಬ ಕಂಪನಿಯ ಮೇಲೆ ಕೈದಿಗಳು ಕೇಸು ಹಾಕಿದ್ದರು. ದೇಶದ ರಹಸ್ಯ ಅಂತ ಸರ್ಕಾರ ಅಡ್ಡ ಬಂದು ಅದನ್ನು ವಜಾ ಮಾಡಿಸಿತ್ತು. ಬಾಡಿಗೆ ಬಾಕಿಯ ಕೇಸಿಗೆ ಅಡ್ಡ ಬರಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಈಗಿನ ಪರಿಸ್ಥಿತಿ ಇನ್ನೂ ಬಿಗಿ. ವಿಮಾನಗಳು ಎಡಿಎಸ್-ಬಿ ಎಂಬ ಸಾಧನದಿಂದ ತಮ್ಮ ಜಾಗ, ಎತ್ತರ, ವೇಗವನ್ನು 1090 ಮೆಗಾಹರ್ಟ್ಸ್‌ನಲ್ಲಿ ಸಾರುತ್ತಲೇ ಇರುತ್ತವೆ. ಅಮೆರಿಕದ ಬಹುತೇಕ ವಾಯುವಲಯದಲ್ಲಿ ಇದು 2020ರಿಂದ ಕಡ್ಡಾಯ. ಕೆಲವೇ ಸಾವಿರ ರೂಪಾಯಿಯ ರಿಸೀವರ್ ಇದ್ದರೆ ಮನೆಯಲ್ಲೇ ಕೂತು ಕೇಳಬಹುದು. ವಿಮಾನ ಜಾಗ ಹೇಳದೆ ಬರೀ ಗುರುತು ಕೊಟ್ಟರೂ, ನಾಲ್ಕು ಕಡೆಯ ರಿಸೀವರ್‌ಗಳಿಗೆ ಅದು ತಲುಪಿದ ಕ್ಷಣಗಳ ಅಂತರ ಹಿಡಿದು ಜಾಗ ಲೆಕ್ಕ ಹಾಕುತ್ತಾರೆ. 2015ರಲ್ಲಿ ಎಪಿ ಸುದ್ದಿಸಂಸ್ಥೆ ಇಂಥ ದಾರಿಯಲ್ಲೇ ಹೋಗಿ, ಅಮೆರಿಕದ ನಗರಗಳ ಮೇಲೆ ಸುತ್ತುತ್ತಿದ್ದ, ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐನ ಕನಿಷ್ಠ 50 ವಿಮಾನಗಳನ್ನೂ ಅವುಗಳ ಹಿಂದಿನ 13 ಸುಳ್ಳು ಕಂಪನಿಗಳನ್ನೂ ಪತ್ತೆ ಮಾಡಿತು. ಹೆಸರಿಲ್ಲದ ಪುಟ್ಟ ಸೆಸ್ನಾ ಒಂದೇ ಬೀದಿಯನ್ನು ಗಂಟೆಗಟ್ಟಲೆ ಸುತ್ತಿದರೆ ಪರದೆಯ ಮೇಲೆ ಬಳೆಯ ಹಾಗೆ ಗೆರೆ ಮೂಡುತ್ತದೆ, ಬೇರೆ ಸಾಕ್ಷಿ ಬೇಕಾ?

ಇದು ಅಮೆರಿಕದ್ದೊಂದೇ ಚಾಳಿಯಲ್ಲ. ಇರಾನ್‌ನ ಮಹಾನ್ ಏರ್ ಪ್ರಯಾಣಿಕರ ವಿಮಾನಗಳಲ್ಲೇ ಸಿರಿಯಾದ ಯುದ್ಧಕ್ಕೆ ಆಯುಧ, ಜನ ಸಾಗಿಸುತ್ತಿತ್ತು ಅನ್ನುವುದು ಅಮೆರಿಕದ ಆರೋಪ, 2011ರಿಂದ ಅದಕ್ಕೆ ನಿರ್ಬಂಧವೂ ಇದೆ. ಉಕ್ರೇನ್ ಯುದ್ಧದಲ್ಲಿ ಇನ್ನೊಂದು ಬದಲಾವಣೆ ಕಂಡಿತು. ಕಪ್ಪು ಸಮುದ್ರದ ಮೇಲೆ ಅಮೆರಿಕದ ಬೇಹು ಡ್ರೋನ್‌ಗಳು ಆಪ್‌ನಲ್ಲಿ ಎಲ್ಲರಿಗೂ ಕಾಣುವ ಹಾಗೇ ಹಾರುತ್ತಿದ್ದವು. ನಾವು ನೋಡುತ್ತಿದ್ದೇವೆ ಅಂತ ರಷ್ಯಾಕ್ಕೆ ಗೊತ್ತಾಗಲಿ ಅನ್ನುವುದೇ ಲೆಕ್ಕ ಇರಬೇಕು. ಅವುಗಳ ಜೊತೆ ಖಾಸಗಿ ಗುತ್ತಿಗೆ ಕಂಪನಿಗಳ ಬಿಸಿನೆಸ್ ಜೆಟ್‌ಗಳೂ ಅಮೆರಿಕದ ಸೇನೆಗಾಗಿ ಗಡಿಯ ಪಕ್ಕ ಕಿವಿಗೊಟ್ಟು ಹಾರಿದವು, ನಾಗರಿಕ ನೋಂದಣಿಯ ನಂಬರ್ ಹೊತ್ತು.

ಈ ಕೊನೆಯದ್ದೇ ನನಗೆ ಹೆದರಿಕೆ ಹುಟ್ಟಿಸುವುದು. 1983ರ ಸೆಪ್ಟೆಂಬರ್ 1ರಂದು ಕೊರಿಯನ್ ಏರ್‌ಲೈನ್ಸ್‌ನ 007 ವಿಮಾನ ಆಟೊಪೈಲಟ್‌ನ ತಪ್ಪು ಹೊಂದಾಣಿಕೆಯಿಂದ ಸೋವಿಯತ್ ಆಕಾಶಕ್ಕೆ ನುಗ್ಗಿತು. ಆ ರಾತ್ರಿ ಅದೇ ಪ್ರದೇಶದಲ್ಲಿ ಅಮೆರಿಕದ ಬೇಹು ವಿಮಾನವೂ ಹಾರಿತ್ತು. ಸೋವಿಯತ್ ಅಧಿಕಾರಿಗಳು ಇದನ್ನೂ ಬೇಹಿನದ್ದೇ ಅಂದುಕೊಂಡರು. 269 ಜನ ಸತ್ತರು. ಮರುವರ್ಷ ಷಿಕಾಗೊ ಒಪ್ಪಂದಕ್ಕೆ ತಿದ್ದುಪಡಿ ತಂದು, ನಾಗರಿಕ ವಿಮಾನದ ಮೇಲೆ ಆಯುಧ ಬಳಸಬಾರದು ಅಂತ ಸೇರಿಸಿದರು. ಆ ಮಾತಿಗೆ ಬೆಲೆ ಇರಬೇಕಾದರೆ ನಾಗರಿಕ ನಂಬರ್ ಹೊತ್ತದ್ದು ನಾಗರಿಕ ವಿಮಾನವೇ ಆಗಿರಬೇಕು. ಪ್ರತಿಯೊಂದು ಬೇನಾಮಿ ವಿಮಾನವೂ ಆ ನಂಬಿಕೆಯಿಂದ ಚೂರು ಚೂರು ಸಾಲ ತೆಗೆಯುತ್ತದೆ. ಸಾಲ ತೀರಿಸುವವರು ರಜೆಗೆ ಊರಿಗೆ ಹೊರಟ ಪ್ರಯಾಣಿಕರು.

ಇನ್ನೊಂದು ಬಾಕಿ ಹಾರಿದವರ ಮನೆಯದ್ದು. ಫ್ಲೈಯಿಂಗ್ ಟೈಗರ್ಸ್ ಕ್ಯಾಮ್ಕೊ ನೌಕರರಲ್ಲ, ಅಮೆರಿಕದ ಯೋಧರೇ ಅಂತ ಅವರ ಸರ್ಕಾರ ಒಪ್ಪಿದ್ದು 1991ರಲ್ಲಿ. ಅಷ್ಟರಲ್ಲಿ ಐವತ್ತು ವರ್ಷ ಆಗಿತ್ತು. 1954ರಲ್ಲಿ ವಿಯೆಟ್ನಾಂನಲ್ಲಿದ್ದ ಫ್ರೆಂಚ್ ಸೇನಾ ನೆಲೆ ದಿಯೆನ್ ಬಿಯೆನ್ ಫು ಬೀಳುವ ಹಿಂದಿನ ದಿನ, ಫ್ರೆಂಚ್ ಗುರುತಿನ ಸಿ-119 ಹಾರಿಸುತ್ತಿದ್ದ ಕ್ಯಾಟ್ ಪೈಲಟ್ ಜೇಮ್ಸ್ ಮೆಕ್‌ಗವರ್ನ್ ಗುಂಡೇಟಿಗೆ ಸಿಕ್ಕಿ ಲಾವೋಸ್‌ನಲ್ಲಿ ಬಿದ್ದ. ಅವನ ಮೂಳೆಗಳು ಅಮೆರಿಕದ ಆರ್ಲಿಂಗ್ಟನ್ ಸ್ಮಶಾನ ಸೇರಿದ್ದು 2007ರಲ್ಲಿ.

ಬೇ ಆಫ್ ಪಿಗ್ಸ್‌ನಲ್ಲಿ ಸತ್ತ ಅಲಬಾಮಾದ ಪೈಲಟ್ ಥಾಮಸ್ ರೇ ಕಥೆ ಇವೆರಡಕ್ಕಿಂತ ಕಷ್ಟದ್ದು. ಅವನ ಹೆಣವನ್ನು ಕ್ಯೂಬಾ ಹೂಳಲಿಲ್ಲ. ದಾಳಿಯಲ್ಲಿ ಅಮೆರಿಕನ್ನರೇ ಇದ್ದರು ಅನ್ನುವುದಕ್ಕೆ ಸಾಕ್ಷಿ ಅಂತ ಹವಾನಾದ ಶವಾಗಾರದಲ್ಲಿ ತಣ್ಣಗೆ ಇಟ್ಟುಕೊಂಡಿತು. ಅದು ನಮ್ಮದು, ಕೊಡಿ ಅಂದರೆ ತಾನೇ ಕಳಿಸಿದ್ದೆ ಅಂತ ಒಪ್ಪಿದ ಹಾಗಾಗುತ್ತಿತ್ತು. ಹೆಣ ಮನೆಗೆ ಬಂದದ್ದು 1979ರ ಡಿಸೆಂಬರ್‌ನಲ್ಲಿ. ಅವನು ನಮ್ಮ ಕೆಲಸಕ್ಕೆ ಹೋಗಿದ್ದ ಅಂತ ಸಿಐಎ ಬಾಯಿಬಿಡಲು ಇನ್ನೂ 19 ವರ್ಷ ಹಿಡಿಯಿತು.